ಪೂಜೆಯಾದ ಗಾಡಿಗೆ ಪಾನಾ ಹಾಕಿದವರು

2008ರ ಮಾರ್ಚ್ 9, ಭಾನುವಾರ. ಬೆಳಗ್ಗೆ 11.20ಕ್ಕೆ ಹೊಸಪೇಟೆಯ ಭರಮಣ್ಣ ಸಂಡೂರು ಠಾಣೆಗೆ ಬಂದು ಎದೆ ಬಡಿದುಕೊಂಡ.

"ಅದಿರು ಲಾರಿ ನನ್ನ ತಮ್ಮನ್ನ ಕೊಂದೈತ್ರಿ ಸಾಹೇಬ್ರ! ಮಗಳ ಲಗ್ನ ಗೊತ್ತು ಮಾಡಾಕ ಹೊಂಟಿದ್ದ."

ತಮ್ಮ ತಿಪ್ಪೇಶ್, ಗಣಿಯಲ್ಲಿ ಮೇಸ್ತ್ರಿ. ಘಾಟಿಯ ಇಳಿಜಾರಿನಲ್ಲಿ ಬೈಕ್ ಸಮೇತ ಬಂಡೆಗೆ ಬಡಿದು ಸತ್ತಿದ್ದ. ಪಿಎಸ್‌ಐ ರೇವಣಸಿದ್ದ ದೂರು ಬರೆದುಕೊಳ್ಳುತ್ತ ಕೇಳಿದ, "ಮಗಳ ವಯಸ್ಸು?"

"ಹದಿಮೂರು. ಭಾಳ ಒಳ್ಳೆ ಮನೆತನ್ರಿ, ಗಂಡಿನ ಕಡೆಯೋರ್ದು ನಾಕು ಲಾರಿ ಅದಾವು."

ಹದಿಮೂರಂತೆ! ರೇವಣಸಿದ್ದ ಆ ವಯಸ್ಸಿನ ಕೆಳಗೆ ಗೆರೆ ಎಳೆದ. ಬಳಿಕ ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದ. ಆಗೆಲ್ಲ ಆ ರಸ್ತೆಯಲ್ಲಿ ಯಾರು ಸತ್ತರೂ ಲಾರಿಯ ಹೆಸರಿಗೆ ಬರೆದರೆ ಮುಗಿಯುತ್ತಿತ್ತು. ಹಾಳಾದ್ದು, ಬಹಳ ಸಲ ಅದು ನಿಜವೂ ಆಗಿರುತ್ತಿತ್ತು.

ಪಂಚನಾಮೆಗೆ ನಿಂತಾಗ ಆ ಮಾತು ಸುಳ್ಳಾಯಿತು. ಬೈಕಿಗೆ ಲಾರಿ ತಾಗಿದ ಗುರುತೇ ಇಲ್ಲ. ಕೆಂಪು ಧೂಳಿನಲ್ಲಿ ಹಿಂದಿನ ಟೈರು ಎಳೆದ ಗೆರೆಯೊಂದೇ. ಹೆಡ್ ಕಾನ್‌ಸ್ಟೆಬಲ್ ಹೊನ್ನೂರಪ್ಪ ಮುಂದಿನ ಬ್ರೇಕ್ ಒತ್ತಿದರೆ ಅದು ಹಿಡಿಕೆಗೇ ಹೋಗಿ ಅಂಟಿತು. ಆಯಿಲ್ ಡಬ್ಬಿ ಖಾಲಿ. ಪೈಪು ಎಲ್ಲೂ ಹರಿದಿರಲಿಲ್ಲ. ಚಕ್ರದ ಪಕ್ಕ, ಬ್ರೇಕಿನ ಗಾಳಿ ತೆಗೆಯುವ ಸಣ್ಣ ನಟ್ಟು ಸಡಿಲಾಗಿತ್ತು.

"ಒತ್ತಿದಂಗೆಲ್ಲ ಇಲ್ಲಿಂದ ಆಯಿಲ್ ಸೋರೈತ್ರಿ. ಘಾಟಿಗೆ ಬರೋ ಹೊತ್ತಿಗೆ ಖಾಲಿ. ಮನ್ಯಾಗ ತಾನೇ ಆಯಿಲ್ ಬದ್ಲಿ ಮಾಡಿ, ಬಿಗಿ ಮಾಡೋದು ಮರ್ತಾನ."

ರೇವಣಸಿದ್ದ ಬಗ್ಗಿ ನೋಡಿದ. ಶುಕ್ರವಾರದ ಅಮಾವಾಸ್ಯೆ ಪೂಜೆಯ ಕುಂಕುಮ ನಟ್ಟಿನ ಬುಡದಲ್ಲಿ ಹಾಗೇ ಇತ್ತು. ನಟ್ಟು ತಿರುಗಿಸುವ ಪಾನಾ ಹಿಡಿದ ಅಂಚುಗಳಲ್ಲಿ ಮಾತ್ರ ಕೆರೆದುಹೋಗಿತ್ತು.

"ಲೇ ಹೊನ್ನೂರಪ್ಪ, ಪೂಜಿ ಮಾಡಿ ನಿಲ್ಸಿದ ಗಾಡಿಗೆ ನೀ ಪಾನಾ ಹಾಕ್ತೀಯೇನು?"

"ಛೇ ಛೇ! ಒಂದು ಸುತ್ತು ಹೋಗಿ ಬರೋತನಕ ಯಾರೂ ಹಾಕಂಗಿಲ್ರಿ."

"ಹಂಗಾದ್ರ ಇದು ಅವನ ಕೈಯಲ್ಲ."

ಮಧ್ಯಾಹ್ನ ಹೊಸಪೇಟೆಯ ಮನೆಯಲ್ಲಿ ತಿಪ್ಪೇಶನ ಹೆಂಡತಿ ಗಾಯತ್ರಿ ಮಗಳು ಸೌಜನ್ಯಳನ್ನು ತಬ್ಬಿಕೊಂಡು ಗೋಡೆಗೊರಗಿದ್ದಳು. ಸಾಮಾನಿನ ಡಬ್ಬಿಯಲ್ಲಿದ್ದ ಪಾನಾದ ಬಾಯಲ್ಲಿ ಕುಂಕುಮ ಮೆತ್ತಿತ್ತು. ಅದನ್ನು ಪಂಚರ ಸಮಕ್ಷಮ ಜಪ್ತಿ ಮಾಡಿ, ಮಗಳನ್ನು ಹೊರಗೆ ಕಳಿಸಿದರು.

"ಆಯಿಲ್ ಬದಲಿಸಿದ್ದು ಯಾವಾಗ?"

"ಶುಕ್ರವಾರ, ಪೂಜಿಗೆ ಮೊದ್ಲು. ಅವ್ರು ನಟ್ಟು ಬಿಚ್ಚೋರು, ನಾ ಬ್ರೇಕ್ ಒತ್ತಿ ಹಿಡಿಯೋಕಿ."

"ಬಿಗಿ ಮಾಡಿದ್ನಾ?"

"ಮಾಡಿದ್ರು. ಬಿಗಿ ಆಗೋತನಕ ಕೈ ಬಿಡಬ್ಯಾಡ, ಗಾಳಿ ಹೊಕ್ಕರ ಬ್ರೇಕ್ ಹಿಡಿಯಂಗಿಲ್ಲ ಅಂತ ಪ್ರತಿಸಲನೂ ಬೈಯೋರು."

"ಆಮೇಲೆ ಗಾಡಿ ತಗದಿದ್ನಾ?"

"ಇಲ್ರಿ. ಪೂಜಿ ಆದ ಗಾಡಿ, ಮೊದ್ಲು ಲಗ್ನದ ಮಾತಿಗೇ ಹೋಗ್ಬೇಕು ಅಂದ್ರು."

"ಮತ್ತ ನಟ್ಟು ಬಿಚ್ಚಿದೋರ್ಯಾರವ್ವ?"

ಗಾಯತ್ರಿ ಪಾನಾ ನೋಡಿದಳು.

"ಈ ಲಗ್ನ ಬ್ಯಾಡ ಅಂತ ಎಲ್ಲಾರ ಕಾಲು ಹಿಡ್ದೆ ಸಾಹೇಬ್ರ. ಅತ್ತಿ ಕಾಲು, ಭಾವನ ಕಾಲು, ಇವ್ರ ಕಾಲು. ನನ್ನನ್ನೂ ಹದಿಮೂರಕ್ಕ ಕೊಟ್ಟಿದ್ರು. ಎರಡು ಕೂಸು ಮಣ್ಣು ಮಾಡಿದ ಮ್ಯಾಲ ಇಕಿ ಉಳಿದಳು. ಇವತ್ತು ಅವ್ರು ಜಳಕಕ್ಕ ಹೋದಾಗ ಸಡ್ಲ ಮಾಡಿದೆ. ಸತ್ರ ಸಾಯ್ಲಿ ಅಂತನೇ ಮಾಡಿದೆ."

ಪ್ರಕರಣಕ್ಕೆ ಕೊಲೆಯ ಕಲಂ 302 ಸೇರಿತು. 4.40ಕ್ಕೆ ಬಂಧನ. ಕೈ ಒಡ್ಡುವಾಗಲೂ ಅವಳು ಅಳಲಿಲ್ಲ. ಬಾಗಿಲಲ್ಲಿ ಭರಮಣ್ಣ ಅಡ್ಡ ನಿಂತು ಕೂಗಿದ, "ಈ ಮುಂಡೆ ಹಾಳಾಗಿ ಹೋಗ್ಲಿ! ಮಾತು ಕೊಟ್ಟೀವಿ, ಲಗ್ನ ನಾ ಮುಂದ ನಿಂತು ಮಾಡ್ತೀನಿ."

ಆಗ ಗಾಯತ್ರಿ ಕುಸಿದಳು. "ಅಯ್ಯೋ ಶಿವನೇ, ಗಂಡನ್ನ ಕೊಂದ್ರೂ ನಿಲ್ಲಲಿಲ್ಲಲ್ಲೋ!"

"ಮಾಡು ನೋಡೋಣ," ರೇವಣಸಿದ್ದ ಭರಮಣ್ಣನ ಅಂಗಿ ಹಿಡಿದ. "ಬೀಗರ ಸಮೇತ ಒಳಗ ಹಾಕ್ತೀನಿ."

ಅಲ್ಲೇ ಕೂತು ಬಾಲ್ಯವಿವಾಹದ ವರದಿಯನ್ನೂ ಬರೆದು, ಮಹಿಳಾ ಕಾನ್‌ಸ್ಟೆಬಲ್ ಸುನಿತಾಳ ಜೊತೆ ಹುಡುಗಿಯನ್ನು ಬಳ್ಳಾರಿಯ ಬಾಲಮಂದಿರಕ್ಕೆ ಕಳಿಸಿದ.

ಸುನಿತಾ ಠಾಣೆಗೆ ಮರಳಿದಾಗ ಗಾಯತ್ರಿಯ ಮುಂದೆ ಊಟದ ತಾಟು ಮುಟ್ಟದೆ ಹಾಗೇ ಇತ್ತು.

"ಬಿಟ್ಟು ಬಂದೆ. ಸಾಲಿಗೂ ಅಲ್ಲಿಂದನೇ ಹೋಗ್ತಾಳ. ಲಗ್ನ ಗಿಗ್ನ ಏನೂ ಇಲ್ಲ."

"ಅತ್ಲೇನ್ರಿ?"

ಸುನಿತಾಳಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ದಾರಿ ಉದ್ದಕ್ಕೂ ಅಪ್ಪಾ ಅಪ್ಪಾ ಅಂತ ಅತ್ಲು."

"ಹೌದ್ರಿ. ಅಕಿಗೆ ಅಪ್ಪ ಅಂದ್ರ ಜೀವ."

ಗಾಯತ್ರಿ ತಾಟು ಹತ್ತಿರ ಎಳೆದುಕೊಂಡು ಉಣ್ಣತೊಡಗಿದಳು.