ಮಹಡಿ ರೂಮಿನ ಫಾರಿನ್ ಪಾರ್ಸೆಲ್

"ಅದನ್ನ ಇಲ್ಲಿ ಕೊಡ್ರಿ!"

ಕೃಪಾ ಬೆಚ್ಚಿ ತಿರುಗಿದಳು. ಪೋಸ್ಟ್‌ಮ್ಯಾನ್ ಆಗಷ್ಟೇ ಕೊಟ್ಟುಹೋದ ಪಾರ್ಸೆಲ್ಲನ್ನು ರೇವಣಸಿದ್ದ ಅವಳ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡ. ಬೆರಳಿಗೆ ಬೆರಳು ತಾಕಿತು...

"ಏನ್ರೀ ಅದು? ನಾನೇನು ತಿಂದ್ಬಿಡ್ತೀನಾ?"

"ಸಿನಿಮಾ ಡಿಸ್ಕ್ ರೀ. ಇಂಗ್ಲೆಂಡಿಂದ ತರಿಸೀನಿ. ಒಡದೀತಂತ ಅಂಜಿಕಿ, ಅಷ್ಟ."

ಅವನು ಅವಳೊಡನೆ ಆಡಿದ ಮೊದಲ ಮಾತು ಅದು. ಸರಸರನೆ ಮೆಟ್ಟಿಲು ಹತ್ತಿ ಹೋದ.

ಅದು 2009. ಬೆಂಗಳೂರಿನ ಸಿಂಗಸಂದ್ರದಲ್ಲಿ ಕೃಪಾಳ ಅಪ್ಪ ಲಕ್ಷ್ಮಯ್ಯ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ರೂಮುಗಳು. ಮಹಡಿ ಮೇಲಿನದಕ್ಕೆ ಯಾದಗಿರಿ ಕಡೆಯ ರೇವಣಸಿದ್ದ ಬಂದು ಮೂರು ತಿಂಗಳಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಯೊಂದರಲ್ಲಿ ಮೆಷಿನ್ ಆಪರೇಟರ್. ಮಾತು ಕಮ್ಮಿ. ನಕ್ಕರೆ ಮಾತ್ರ... ಆ ನಗು ನೋಡಲೆಂದೇ ಕೃಪಾ ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕಲು ಟೆರೇಸಿಗೆ ಹೋಗುತ್ತಿದ್ದಳು!

ಆದರೆ ಬೊಮ್ಮನಹಳ್ಳಿ ಫುಟ್‌ಪಾತಿನಲ್ಲೇ ರಾಶಿ ರಾಶಿ ಸಿನಿಮಾ ಸಿಗುವಾಗ, ಇವನು ಇಂಗ್ಲೆಂಡಿನಿಂದ ಯಾಕೆ ತರಿಸಬೇಕು? 'ಇಲ್ಲಿ ಸಿಗಬಾರದಂಥದ್ದು ಏನಿದೆ ಅದರಲ್ಲಿ?'

ಭಾನುವಾರ ಮಧ್ಯಾಹ್ನ ಒಬ್ಬ ಹುಡುಗಿ ಬಂದಳು. ಬಾಗಿಲು ಮುಚ್ಚಿತು. ಕಿಟಕಿಗೆ ಬೆಡ್‌ಶೀಟ್ ಬಿತ್ತು. ಎರಡು ಗಂಟೆ ಒಳಗಿನಿಂದ ಒಂದು ಮಾತಿಲ್ಲ, ಸದ್ದಿಲ್ಲ.

"ಯಾರ್ರೀ ಅದು?" ಸಂಜೆ ಕೇಳಿಯೇಬಿಟ್ಟಳು.

"ನಮ್ ತಂಗಿ ಮಹಾದೇವಿ ರೀ. ಗಾರ್ಮೆಂಟ್ಸಿನಾಗ ಅದಾಳ."

'ಎಲ್ಲರೂ ತಂಗಿ ಅಂತಲೇ ಹೇಳೋದು!' ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಮುಂದಿನ ಶನಿವಾರ ಜರ್ಮನಿಯಿಂದ ಇನ್ನೊಂದು ಪಾರ್ಸೆಲ್ ಬಂದಾಗ ಅವನು ಡ್ಯೂಟಿಯಲ್ಲಿದ್ದ. ಕೃಪಾ ತಡೆಯಲಾರದೆ ಒಡೆದೇಬಿಟ್ಟಳು. ಕವರ್ ಮೇಲೆ ತಬ್ಬಿ ನಿಂತ ಗಂಡು, ಹೆಣ್ಣು. ತಿಳಿಯದ ಭಾಷೆ. ಅವಳ ಕಣ್ಣು ತುಂಬಿತು... ಅಷ್ಟರಲ್ಲಿ ಲಕ್ಷ್ಮಯ್ಯ ಹಿಂದೆಯೇ ಬಂದು ನಿಂತಿದ್ದರು.

"ಇಂಥಾ ಪಿಚ್ಚರು ನಮ್ಮನೇಲಾ? ನಾಳೆನೇ ಖಾಲಿ ಮಾಡಿಸ್ತೀನಿ ಅವನ್ನ!"

ಭಾನುವಾರ ಅಪ್ಪನ ಹಿಂದೆಯೇ ಅವಳೂ ಮಹಡಿ ಹತ್ತಿದಳು. ಲಕ್ಷ್ಮಯ್ಯ ಬಾಗಿಲು ದಬದಬ ಬಡಿದರು. ರೇವಣಸಿದ್ದ ತೆರೆದ.

ಒಳಗೆ ಕೂತಿದ್ದ ಹುಡುಗಿ ಆ ಸದ್ದಿಗೂ ತಿರುಗಲಿಲ್ಲ! ಟಿವಿಯಲ್ಲಿ ಕಪ್ಪು-ಬಿಳುಪಿನ ಹಳೇ ಸಿನಿಮಾ. ತುಟಿ ಆಡುತ್ತಿವೆ, ದನಿಯಿಲ್ಲ. ಯಾರೋ ಜಾರಿ ಬಿದ್ದರು. ಹುಡುಗಿ ಚಪ್ಪಾಳೆ ತಟ್ಟಿ, ಸದ್ದಿಲ್ಲದೆ ನಕ್ಕಳು.

"ಆಕಿಗೆ ಹುಟ್ಟಿದಾಗಿಂದ ಕಿವಿ ಕೇಳಂಗಿಲ್ರಿ," ರೇವಣಸಿದ್ದ ತಂಗಿಯತ್ತ ನೋಡುತ್ತ ಹೇಳಿದ. "ಮಾತಾಡೋ ಸಿನಿಮಾ ಹಾಕಿದ್ರ ಆಕಿ ನಮ್ಮ ಮುಖ ನೋಡ್ತಾಳ, ನಾವು ನಕ್ಕಾಗ ನಗ್ತಾಳ. ಇವು ಸಿನಿಮಾಕ್ಕ ಮಾತು ಬರೋಕ್ಕಿಂತ ಮುಂಚಿನವು. ಇಲ್ಲಿ ಸಿಗಂಗಿಲ್ಲ. ನಮ್ಮ ಸೂಪರ್‌ವೈಸರ್‌ಗೆ ಹೇಳಿ, ಕಂಪ್ಯೂಟರಿನಾಗ ಆರ್ಡರ್ ಮಾಡಿಸಿ ಫಾರಿನ್ನಿಂದ ತರಸ್ತೀನಿ. ಇದರಾಗ ಆಕಿ ನಮಗಿಂತ ಮೊದಲ ನಗ್ತಾಳ್ರಿ..."

"ಮೊದಲೇ ಹೇಳಬಾರದಿತ್ತಾ?" ಕೃಪಾ ಪಿಸುಗುಟ್ಟಿದಳು.

"ತಂಗಿ ಅಂತ ಹೇಳೀನಲ್ರಿ. ನೀವ ನಂಬಲಿಲ್ಲ."

ಲಕ್ಷ್ಮಯ್ಯ ಹೆಗಲ ಟವೆಲ್ ಸರಿಮಾಡಿಕೊಂಡರು. "ಕೂತ್ಕೊಂಡು ನೋಡ್ರಪ್ಪ," ಎಂದು ಕೆಳಗಿಳಿದರು.

ಕೃಪಾ ನಿಂತೇ ಇದ್ದಳು.

"ಪಾರ್ಸೆಲ್ ಒಡೆದವಳು ನಾನೇ. ಇವಳು ಬಂದಾಗಿಂದ ನಂಗೆ ಹೊಟ್ಟೆ ಉರಿದ್ಹೋಗ್ತಿತ್ತು."

"ನಿಮಗ್ಯಾಕ್ರಿ ಹೊಟ್ಟಿ ಉರೀಬೇಕು?"

"ಅದೂ ಗೊತ್ತಾಗಲ್ವಾ ನಿಮಗೆ? ನೀವಂದ್ರೆ ನಂಗೆ ಇಷ್ಟ ಕಣ್ರೀ!"

ಅವನ ಮುಖ ಕೆಂಪೇರಿತು. ಮಹಾದೇವಿ ಇಬ್ಬರನ್ನೂ ನೋಡಿ, ಅಣ್ಣನಿಗೆ ಕೈಯಲ್ಲೇ ಏನೋ ಕೇಳಿದಳು. ಅವನು ಎದೆಯ ಮೇಲೆ ಅಂಗೈಯಿಟ್ಟು, ಮೆಲ್ಲಗೆ ಕೃಪಾಳತ್ತ ಚಾಚಿದ.

"ಏನು ಹೇಳಿದ್ರಿ ಅವಳಿಗೆ?"

"ಈಗ ನೀವಂದ್ರಲ್ಲ, ಅದನ್ನ... ಮೂರು ತಿಂಗಳಿಂದ ನಾನೂ ಹೇಳಬೇಕಂತಿದ್ದೆ. ಬಾಯಿ ಬರಲಿಲ್ರಿ."

ಕೃಪಾ ತಾನೂ ಎದೆಗೆ ಕೈಯಿಟ್ಟು ಅವನತ್ತ ಚಾಚಿದಳು. ಮಹಾದೇವಿ ನಗುತ್ತಾ ಅವಳ ಮಣಿಕಟ್ಟು ಹಿಡಿದು ಬೆರಳು ನೆಟ್ಟಗೆ ಮಾಡಿದಳು.

"ತಪ್ಪು ಮಾಡಿದ್ನಾ?"

"ಇಲ್ರಿ," ಅವನ ಕಣ್ಣು ಹನಿಗೂಡಿತ್ತು. "ಇನ್ನೊಮ್ಮೆ ಹೇಳ್ರಿ... ನಾ ನೋಡ್ತೀನಿ."