ಮುಬಿಯ ಹಳದಿ ಟಾಪ್, ಖುರ್ಷಿದಾಳ ಸುಳ್ಳು

“ಇದನ್ನ ಹೊಲದವರು ನೀವೇನ್ರಿ?”

ಬಾಗಿಲಲ್ಲಿ ನಿಂತವನ ದನಿಗೆ ಖುರ್ಷಿದಾ ಬೆಚ್ಚಿಬಿದ್ದಳು. ಅಂದು ಈದ್ ಹಬ್ಬ. ಅವನ ಮೈಮೇಲೆ ಹೊಸ ಬಿಳಿ ಜುಬ್ಬಾ, ಕೈಯಲ್ಲಿ ಕೊರಳ ಹತ್ತಿರ ಹರಿದ ಪುಟ್ಟ ಹಳದಿ ಟಾಪ್, ಹೆಗಲ ಮೇಲೆ ಬಿಕ್ಕುತ್ತಿದ್ದ ನಾಲ್ಕು ವರ್ಷದ ಮಗಳು!

ಅವನು ಯಾರೆಂದು ಅವಳಿಗೆ ಗೊತ್ತಾಯಿತು. ಪಕ್ಕದ ಓಣಿಯ ಜೈನಾಬೀ ಚಾಚಿಯ ಮಗ ನಜೀಬ. ಗಂಗಾವತಿ ಬಜಾರಿನಲ್ಲಿ ಅಂಗಡಿ ಇಟ್ಟುಕೊಂಡು, ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು.

“ತಲಿ ಒಳಗ ಸಿಕ್ಕೊಂಡ್ತು. ಕೂಸು ಉಸಿರು ಕಟ್ಟಿ ಚೀರಾಕ ಹತ್ತಿತ್ತು. ಎಳದ್ರ ಟರ್ ಅಂತ ಹರೀತು. ಇದು ಯಾರ ಬಟ್ಟಿ ಅಂತ ಗೊತ್ತೈತೇನ್ರಿ ನಿಮಗ?”

ಗೊತ್ತಿತ್ತು... ಚೆನ್ನಾಗಿಯೇ ಗೊತ್ತಿತ್ತು.

ಹದಿನೈದು ದಿನದ ಹಿಂದೆ ಜೈನಾಬೀ ಒಂದು ಹಳದಿ ಟೀ ಶರ್ಟ್ ತಂದುಕೊಟ್ಟು, “ನಮ್ಮ ಸೊಸಿದು. ಅಕಿ ಅರಿವಿ ಎಲ್ಲಾ ಹಂಚಿಬಿಟ್ವಿ, ಇದೊಂದ ಉಳದೈತಿ. ಮೊಮ್ಮಗಳು ಮುಬಿಗೆ ಈದಿಗೆ ಟಾಪ್ ಮಾಡಿಕೊಡವಾ, ಹುಷಾರಿಲೆ ಹೊಲಿ” ಎಂದಿದ್ದಳು.

ಆದರೆ ಹಬ್ಬದ ಹೊಲಿಗೆ ರಾಶಿ ಬಿದ್ದಿತ್ತು. ಬನಿಯನ್ನಿನಂತೆ ಹಿಗ್ಗುವ ಬಟ್ಟೆಗೆ ಮೊನೆ ದುಂಡಗಿರುವ ಸೂಜಿಯೇ ಬೇಕು. ಚೂಪು ಸೂಜಿ ಎಳೆಯನ್ನೇ ಕತ್ತರಿಸಿಬಿಡುತ್ತದೆ. ಅವಳ ಬಳಿಯಿದ್ದ ದುಂಡು ಸೂಜಿ ಮುರಿದಿತ್ತು. ಬಜಾರಿಗೆ ಹತ್ತು ನಿಮಿಷದ ದಾರಿ. ಅವಳು ಹೋಗದೆ, ಇದ್ದ ಚೂಪು ಸೂಜಿಯಲ್ಲೇ ಹೊಲಿದಿದ್ದಳು. ಮಗುವಿನ ತಲೆಯ ಅಳತೆಯನ್ನೂ ತೆಗೆಯದೆ ಅಂದಾಜಿನಲ್ಲೇ ಕೊರಳು ಕತ್ತರಿಸಿದ್ದಳು.

‘ಹೇಳಿಬಿಡು ಖುರ್ಷಿದಾ... ತಪ್ಪು ನನ್ನದು ಅನ್ನು!’

ಬಾಯಿ ಬೇರೆಯೇ ಹೇಳಿತು. “ಬಟ್ಟಿ ಹಳೇದಿತ್ರಿ. ಒಗದು ಒಗದು ಸವದಿತ್ತು. ಹೊಲಿಗಿ ತಡೀಲಿಲ್ಲ.”

ಅವನ ಕೋಪ ಒಮ್ಮೆಲೇ ಇಳಿಯಿತು. ಮುಖ ಬಿಳಿಚಿಕೊಂಡಿತು.

“ನಾನ ಒಗದಿದ್ದೆ... ಕೂಸಿಗೆ ಹಾಕೂದು ಅಂತ ಬಿಸಿನೀರಾಗ ಎರಡ ಸಲ ಹಾಕಿ ಒಗದು ಕೊಟ್ಟಿದ್ದೆ. ಹಂಗಾರ ಹಾಳ ಮಾಡಿದಾಂವ ನಾನ.” ಅವನು ತಲೆ ತಗ್ಗಿಸಿದ. “ಸುಮ್ನ ನಿಮ್ಮ ಮ್ಯಾಲೆ ಒದರಿದೆ. ಮಾಫ್ ಮಾಡ್ರಿ.”

ಅವನು ಕ್ಷಮೆ ಕೇಳಿ ಹೊರಟುಹೋದ. ಖುರ್ಷಿದಾ ಅಂದು ಹಬ್ಬದ ಪಾಯಸ ಶಿರಕುರ್ಮಾವನ್ನೂ ಬಾಯಿಗೆ ಹಾಕಲಿಲ್ಲ.

ಮರುದಿನವೇ ಬಜಾರಿಗೆ ಹೋಗಿ ಸೂಜಿ ತಂದಳು. ಗುಲಾಬಿ, ನೀಲಿ, ಎಳೆಹಸಿರು ಬಣ್ಣದ ಮೆತ್ತನೆಯ ಬಟ್ಟೆ ತಂದಳು. ಮುಬಿಯನ್ನು ಕರೆದು ಕೂರಿಸಿಕೊಂಡು ತಲೆಯ ಸುತ್ತಳತೆ ತೆಗೆದಳು. ಕೊರಳಪಟ್ಟಿಯನ್ನು ಹಿಗ್ಗಿಸಿ, ಎಳೆದರೂ ಹರಿಯದಂತೆ ಜಿಗ್‌ಜಾಗ್ ಹೊಲಿಗೆ ಹಾಕಿದಳು. ಟಾಪ್ ಸಲೀಸಾಗಿ ತಲೆಯಿಂದಿಳಿದಾಗ ಮುಬಿ ಕಿಲಕಿಲ ನಕ್ಕಳು.

“ಖಾಲಾ, ತಲಿ ಸಿಕ್ಕೊಳ್ಳಲೇ ಇಲ್ಲ!”

ಆ ನಗುವೂ ಖುರ್ಷಿದಾಳ ಎದೆಯನ್ನು ಚುಚ್ಚಿತು.

ಮುಬಿ ದಿನವೂ ಬರತೊಡಗಿದಳು. ಸಂಜೆ ಅವಳನ್ನು ಕರೆದೊಯ್ಯಲು ನಜೀಬ ಬರತೊಡಗಿದ. ಒಮ್ಮೆ ಹೊಲಿಗೆ ಮಷಿನ್ನಿನ ಮೋಟಾರು ಕೆಟ್ಟಾಗ ಅವನೇ ಬಿಚ್ಚಿ, ಹೊಸ ತಂತಿ ಸುತ್ತಿ, ಮತ್ತೆ ಕೂರಿಸಿಕೊಟ್ಟ. ತಾಮ್ರದ ತಂತಿ ಎಳೆದು ಗಡುಸಾಗಿದ್ದ ಆ ಬೆರಳುಗಳನ್ನು ಖುರ್ಷಿದಾ ಕದ್ದು ನೋಡಿದಳು. ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ಮೊದಲ ಸಲ ಮುಸ್ಸಂಜೆಗಾಗಿ ಕಾಯುವುದನ್ನು ಕಲಿತಳು.

“ನಿಮ್ಮಂಥ ಖರೇ ಮನಸಿನವರನ್ನ ನಾ ನೋಡಿಲ್ರಿ,” ಎಂದ ಅವನು ಒಂದು ದಿನ.

ಖುರ್ಷಿದಾ ತಟ್ಟನೆ ಒಳಗೆ ಹೋಗಿಬಿಟ್ಟಳು. ‘ಖರೇ ಮನಸು! ಯಾ ಅಲ್ಲಾ... ಇವರಿಗೆ ನಾನು ಎಂಥವಳೆಂದು ಗೊತ್ತಾದರೆ?’

ನಾಲ್ಕನೆಯ ತಿಂಗಳಲ್ಲಿ ಜೈನಾಬೀ ಮದುವೆಯ ಮಾತು ತಂದಳು. ಖುರ್ಷಿದಾಳ ತಂದೆ ಇಬ್ರಾಹಿಂಸಾಬರ ಮುಖ ಅರಳಿತು. “ನಿನ್ನ ಮನಸಿನಾಗ ಏನೈತಿ ಬೇಟಿ?”

ಅವಳ ಮನಸ್ಸಿನಲ್ಲಿದ್ದುದು ‘ಹೂಂ’ ಒಂದೇ. ಆದರೆ ಸುಳ್ಳಿನ ಮೇಲೆ ಸಂಸಾರ ಕಟ್ಟುವುದು ಹೇಗೆ?

“ಒಲ್ಲೆ ಅಬ್ಬಾ.”

“ಕೂಸಿರೋ ಮನಿ ಅಂತ ಒಲ್ಲೆ ಅಂತೀಯೇನವಾ?” ಎಂದಳು ಜೈನಾಬೀ ನೊಂದು.

ಖುರ್ಷಿದಾ ಖಾಲಿ ಚಹಾ ಬಟ್ಟಲುಗಳನ್ನು ಎತ್ತಿಕೊಂಡು ಎದ್ದಳು. ಕಾರಣ ಅದೇ ಎಂದು ಅವರು ತಿಳಿದರು.

ಮರುದಿನದಿಂದ ಮುಬಿ ಬರಲಿಲ್ಲ. ನಜೀಬನೂ ಬರಲಿಲ್ಲ. ವಾರದ ಬಳಿಕ ಓಣಿಯಲ್ಲಿ ಕಂಡ ಮುಬಿ ಓಡಿಬಂದು ಅವಳ ಕಾಲು ತಬ್ಬಿಕೊಂಡು ಕೇಳಿದಳು, “ಖಾಲಾ, ನಾ ಏನ ತಪ್ಪ ಮಾಡೀನಿ?”

ಅಷ್ಟೇ. ಖುರ್ಷಿದಾ ಮಗುವಿನ ಕೈಹಿಡಿದು ನೇರವಾಗಿ ನಜೀಬನ ಅಂಗಡಿಗೆ ನಡೆದಳು. ಮಧ್ಯಾಹ್ನದ ಬಿಸಿಲಲ್ಲಿ ಮೋಟಾರುಗಳ ನಡುವೆ ಕೂತಿದ್ದ ಅವನು ಎದ್ದು ನಿಂತ.

“ಬಟ್ಟಿ ಸವದಿರಲಿಲ್ರಿ,” ಎಂದಳು ಒಂದೇ ಉಸಿರಿಗೆ. “ಗಟ್ಟಿ ಇತ್ತು. ಬ್ಯಾರೆ ಸೂಜೀಲೆ ಹೊಲದು ನಾನ ಕೆಡಿಸಿದೆ. ಕೊರಳಿನ ಅಳತಿನೂ ತಗೀಲಿಲ್ಲ. ಅಂಜಿ ಸುಳ್ಳ ಹೇಳಿದೆ. ನಿಮ್ಮ ತಪ್ಪೇನೂ ಇಲ್ಲ...” ಆಮೇಲೆ ಮಂಡಿಯೂರಿ ಮಗುವಿನ ಮುಖ ನೋಡಿದಳು. “ಮುಬಿ, ನಿಮ್ಮ ಅಮ್ಮಿ ಅರಿವಿ ಹರದಾಕಿ ನಾನವಾ. ಮಾಫ್ ಮಾಡ್ತಿ?”

ಮುಬಿ ಅವಳ ಕಣ್ಣೊರೆಸಿ ಹೇಳಿದಳು, “ಅಬ್ಬಾನೂ ದಿನಾ ಮಾಫಿ ಕೇಳತಾರ ನನಗ. ‘ನಾನ ಹರದೆ’ ಅಂತಾರ.”

ಖುರ್ಷಿದಾ ನಜೀಬನತ್ತ ನೋಡಿದಳು. ದಿನಾಲೂ! ನಾಲ್ಕು ತಿಂಗಳು... ದಿನಾಲೂ!

ನಜೀಬ ಗೋಡೆಯ ಕಡೆ ತಿರುಗಿದ. “ಮನಿಗೆ ಹೋಗ್ರಿ,” ಎಂದ. ಅಷ್ಟೇ ಎಂದ.

ಮೂರು ದಿನ ಅವಳ ಮಷಿನ್ನು ಸದ್ದು ಮಾಡಲಿಲ್ಲ. ಅತ್ತರೂ ಭಾರ ಇಳಿಯಲಿಲ್ಲ. ಆದರೂ ಹೇಳಿದ್ದಕ್ಕೆ ಅವಳಿಗೆ ಪಶ್ಚಾತ್ತಾಪವಿರಲಿಲ್ಲ.

ನಾಲ್ಕನೆಯ ಬೆಳಗ್ಗೆ ಅಂಗಳ ಗುಡಿಸುತ್ತಿದ್ದವಳ ಎದುರು ಅವನು ಬಂದು ನಿಂತ.

“ಭಾಳ ಸಿಟ್ಟು ಬಂದಿತ್ತು. ಇನ್ನೂ ಒಂದೀಟ ಐತಿ.”

“ಇರಲಿ ಬಿಡ್ರಿ... ಅದು ನನಗ ಬರಬೇಕಾದ್ದ.”

“ಆದ್ರ ಆ ದಿನ ನಾ ಒದರಿದ್ದು ಬಟ್ಟಿ ಹರದದ್ದಕ್ಕಲ್ರಿ.” ಅವನು ನೆಲ ನೋಡಿದ. “ಬಿಸಿನೀರಾಗ ಒಗದು ಒಣಗಿಸಿದ ಮ್ಯಾಲೆ ಮೂಸಿ ನೋಡಿದ್ದೆ. ಮುಬಿ ತಾಯಿ ವಾಸನಿ ಅದರಾಗ ಇರಲಿಲ್ಲ. ಅದನ್ನ ಕಳದಾಂವ ನಾನ... ಆ ಸಿಟ್ಟು ನಿಮ್ಮ ಮ್ಯಾಲೆ ಹಾಕಿದೆ. ನಿಮ್ಮ ತಪ್ಪು ನೀವು ಹೇಳಿದ್ರಿ. ನಂದು ನಾ ಯಾರಿಗೂ ಹೇಳಿರಲಿಲ್ಲ.”

ಖುರ್ಷಿದಾ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು.

“ಒಂದ ಮಾತು ಕೇಳ್ತೀನಿ,” ಎಂದ ನಜೀಬ. “ನಮ್ಮ ಅಮ್ಮಿ ಮುಂದ ಮದಿವಿ ಒಲ್ಲೆ ಅಂದ್ರಲ್ಲಾ... ಅದು ಖರೇನೋ, ಸುಳ್ಳೋ?”

ಅವಳು ಕಣ್ಣು ತುಂಬಿಕೊಂಡು, ಅವನನ್ನೇ ನೋಡುತ್ತ ಹೇಳಿದಳು:

“ಸುಳ್ಳು... ಅದೂ ಸುಳ್ಳ ರೀ.”

“ಇನ್ನೇನರ ಉಳದಾವೇನು?”

“ಇಲ್ಲ,” ಎಂದು ಅವಳು ಅಳುತ್ತಲೇ ನಕ್ಕಳು. “ಅದ ಕಡೀದು.”