ತೊಟ್ಟಿಯ ಹೆಪ್ಪು

2025ರ ಆಗಸ್ಟ್ 18, ಸೋಮವಾರ. ಲಕಮನಹಳ್ಳಿ ಕೈಗಾರಿಕಾ ಪ್ರದೇಶದ ಔಷಧಿ ಕಾರ್ಖಾನೆಯೊಂದರ ಸೂಕ್ಷ್ಮಜೀವಿ ತಜ್ಞೆ ಋತುಜಾ ಬೆಳಗ್ಗೆ 9.40ಕ್ಕೆ ಠಾಣೆಗೆ ಬಂದು ಕೊಟ್ಟ ದೂರನ್ನು ಇನ್‌ಸ್ಪೆಕ್ಟರ್ ಬಸವಪ್ರಭು ಎರಡು ಸಲ ಓದಿದ. ಕೊಲೆ, ಕಳವು, ಹೊಡೆದಾಟ ಎಲ್ಲವನ್ನೂ ಕಂಡವನು. ಬ್ಯಾಕ್ಟೀರಿಯಾ ಸತ್ತಿವೆ ಎಂಬ ದೂರು ಮಾತ್ರ ಇದೇ ಮೊದಲು.

“ಸತ್ತಿಲ್ಲರಿ, ಯಾರೋ ಸಾಯ್ಸ್ಯಾರ,” ಎಂದಳು ಋತುಜಾ. “ನಿನ್ನೆ ರವಿವಾರ, ನಾ ಆ ಕಡೆ ಹೋಗೇ ಇಲ್ಲ. ಇವತ್ತ ಬಂದು ನೋಡಿದ್ರ ತೊಟ್ಟಿ ತುಂಬ ಬ್ಲೀಚಿಂಗ್ ಪೌಡರ್ ವಾಸನಿ.”

ಕಾರ್ಖಾನೆಯಲ್ಲಿ ತಯಾರಾಗುವುದು ಸೋಂಕು ಕಳೆಯುವ ಔಷಧಿ. ತೊಳೆದ ನೀರಿನಲ್ಲಿ ಉಳಿಯುವ ಆ ಔಷಧಿಯನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳನ್ನು ಅವಳು ಮೂರು ವರ್ಷದಿಂದ ತೊಟ್ಟಿಯಲ್ಲಿ ಸಾಕಿದ್ದಳು. ಬುಧವಾರ ಸರ್ಕಾರಿ ತಪಾಸಣೆ. ಅಷ್ಟರಲ್ಲಿ ತೊಟ್ಟಿ ಚೇತರಿಸಿಕೊಳ್ಳದಿದ್ದರೆ ಕಾರ್ಖಾನೆಗೆ ಬೀಗ.

“ಯಾರ ಮ್ಯಾಲರೆ ಸಂಶಯ?”

“ಗೊತ್ತಿಲ್ಲರಿ. ಯಮನಪ್ಪ ಅಂತೂ ಅಲ್ಲ.”

ಯಮನಪ್ಪನ ಹೆಸರನ್ನು ಯಾರೂ ಎತ್ತಿರಲಿಲ್ಲ. ಬಸವಪ್ರಭು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಎಫ್‌ಐಆರ್ ದಾಖಲಿಸಿದ.

11.30ಕ್ಕೆ ಕಾನ್‌ಸ್ಟೇಬಲ್ ಉಮಾಶ್ರೀ ಮತ್ತು ಇಬ್ಬರು ಪಂಚರೊಂದಿಗೆ ಸ್ಥಳ ಪಂಚನಾಮೆ ಶುರುವಾಯಿತು. ತೊಟ್ಟಿಯಲ್ಲಿ ಬೂದುಬಣ್ಣದ ನೊರೆ, ಪಕ್ಕದಲ್ಲಿ ಬ್ಲೀಚಿಂಗ್ ಪೌಡರಿನ ಮೂರು ಖಾಲಿ ಚೀಲ. ಪೌಡರ್ ಇಡುವ ಉಗ್ರಾಣದ ಕೀಲಿ ಇರುತ್ತಿದ್ದುದು ತೊಟ್ಟಿ ನೋಡಿಕೊಳ್ಳುವ ಆಪರೇಟರ್ ಯಮನಪ್ಪನ ಬಳಿ.

“ಅವನ ಮಾಡ್ಯಾನ್ರಿ,” ಎಂದ ಮ್ಯಾನೇಜರ್, ಕೇಳುವ ಮೊದಲೇ. “ರಜಾ ಕೊಡ್ಲಿಲ್ಲಂತ ಸಿಟ್ಟು.”

ಯಮನಪ್ಪನ ಹೆಂಡತಿ ಉಡಚವ್ವ ಆಸ್ಪತ್ರೆಯಲ್ಲಿದ್ದಳು. ಅಂಗಾಲಿನ ಗಾಯ ಯಾವ ಔಷಧಿಗೂ ಬಗ್ಗದೆ, ಹೋದ ವಾರ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದಿದ್ದರು.

“ನಿನ್ನೆ ಎಲ್ಲಿದ್ದಿ?” ಬಸವಪ್ರಭು ಯಮನಪ್ಪನನ್ನು ಕರೆಸಿ ಕೇಳಿದ.

“ದವಾಖಾನ್ಯಾಗರಿ.”

“ಕೀಲಿ?”

“ಗ್ವಾಡಿ ಮ್ಯಾಲಿನ ಗೂಟಕ್ಕರಿ. ಯಾರ ಬೇಕಾದ್ರೂ ತಗೋಬಹುದು.” ಅವನು ಕೈ ಮುಗಿದ. “ನನ್ನ ಒಳಗ ಹಾಕಿದ್ರ ಆಕೀನ ಯಾರ ನೋಡ್ತಾರ್ರಿ?”

ಪಂಚನಾಮೆಗೆ ನಕ್ಷೆ ಬೇಕು. ಉಮಾಶ್ರೀ ಟೇಪು ಹಿಡಿದು ಒಂದೊಂದೇ ಪೈಪು ಅಳೆಯತೊಡಗಿದಳು. ತೊಟ್ಟಿಯ ಹಿಂದಕ್ಕೆ ತಿರುಗುತ್ತಲೇ ಮ್ಯಾನೇಜರ್ ಅಡ್ಡ ಬಂದ. “ಅಲ್ಲೇನೂ ಇಲ್ಲರಿ, ಹಳೀ ಪೈಪು.”

ಏನೂ ಇಲ್ಲ ಎಂದ ಕಡೆಗೇ ಕಾಲು ಹಾಕುವುದು ಪೊಲೀಸರ ಚಾಳಿ. ಪೈಪು ತುಕ್ಕು ಹಿಡಿದಿತ್ತು. ಅದರ ವಾಲ್ವಿನ ಚಕ್ರ ಮಾತ್ರ ದಿನಾ ಕೈ ತಾಗಿ ಮಿರಮಿರ ಹೊಳೆಯುತ್ತಿತ್ತು. ಕಾರ್ಖಾನೆಯ ಕೊಳೆನೀರಿನ ಒಂದು ಪಾಲು ತೊಟ್ಟಿಯನ್ನು ಮುಟ್ಟದೆ ಆ ಪೈಪಿನಿಂದ ನೇರ ಹಳ್ಳಕ್ಕೆ ಹೋಗುತ್ತಿತ್ತು. ಬಸವಪ್ರಭು ಅದನ್ನೂ ಪಂಚನಾಮೆಯಲ್ಲಿ ಬರೆಸಿ, ಪಂಚರ ಸಹಿ ಹಾಕಿಸಿದ.

ಈಗ ಅವನಿಗೆ ಮ್ಯಾನೇಜರನ ಮೇಲೆ ಗುಮಾನಿ. ಆದರೆ ತಪಾಸಣೆಗೆ ಮೂರೇ ದಿನ ಉಳಿದಿರುವಾಗ ತನ್ನ ತೊಟ್ಟಿಗೆ ತಾನೇ ವಿಷ ಹಾಕುವಷ್ಟು ಪೆದ್ದನಂತೆ ಆ ಮನುಷ್ಯ ಕಾಣಲಿಲ್ಲ. ಹಾಗಾದರೆ ಯಾರು? ಯಮನಪ್ಪ ಅಲ್ಲವೆಂದು ಋತುಜಾಗೆ ಅಷ್ಟು ಖಾತ್ರಿ ಎಲ್ಲಿಂದ ಬಂತು?

ಮಂಗಳವಾರ ಮಧ್ಯಾಹ್ನ 3.50ಕ್ಕೆ ಹೆಚ್ಚುವರಿ ಹೇಳಿಕೆ ಪಡೆಯಲು ಋತುಜಾಳ ಬಾಡಿಗೆ ಮನೆಗೆ ಹೋದ ಉಮಾಶ್ರೀ ಫೋನು ಮಾಡಿದಳು.

“ಸರ್, ಇಲ್ಲಿ ಗಾಜಿನ ತೊಟ್ಟಿ ಐತ್ರಿ, ಗಾಳಿ ಪಂಪೂ ನಡದೈತಿ. ಮೀನ ಒಂದೂ ಇಲ್ಲ.”

ಬಸವಪ್ರಭು ಹೋಗಿ ನೋಡಿದ. ಒಳಗೆ ಕಂದು ನೀರು ಗುಳುಗುಳು ಎನ್ನುತ್ತಿತ್ತು. ಗಾಜಿನ ಮೇಲೆ ಚೀಟಿ, ಅದರ ಮೇಲೆ ಅಚ್ಚುಕಟ್ಟಾದ ಅಕ್ಷರ: ಮುಖ್ಯ ತೊಟ್ಟಿಯಿಂದ, 17-08-25, ಸಂಜೆ 6.10. ಪ್ರಯೋಗಾಲಯದ ಕೈ ಅದು, ತಾರೀಖು ಹಚ್ಚದೆ ಒಂದು ಬಾಟಲಿಯನ್ನೂ ಇಟ್ಟ ಕೈಯಲ್ಲ.

“ರವಿವಾರ ಹೋಗೇ ಇಲ್ಲ ಅಂದಿದ್ರಿ.”

ಋತುಜಾ ಗಾಳಿ ಪಂಪಿನ ನಳಿಕೆ ಸರಿಮಾಡಿದಳು. ಉಮಾಶ್ರೀಯೇ ಮೆಲ್ಲಗೆ ಕೇಳಿದಳು: “ಹೆಪ್ಪಿಗಂತ ಒಂದ ಚಮಚಾ ಮಸರ ಎತ್ತಿಟ್ಟ ಮ್ಯಾಲ ಗಡಗಿ ತೊಳದೀರಿ. ಹೌದಲ್ರಿ?”

“ಎಲ್ಲಾನೂ ಸಾಯ್ಸಾಕ ಮನಸ್ಸಾಗ್ಲಿಲ್ಲರಿ.” ಅವಳು ಕಣ್ಣೊರೆಸಿಕೊಂಡಳು. “ನನ್ನ ತೊಟ್ಟಿ ತೊಳಿಯೋದು ಅರ್ಧ ನೀರಷ್ಟ. ಉಳದದ್ದು ಹಳ್ಳಕ್ಕ. ಮಾಲೀಕರಿಗೆ ಮೂರ ಸಲ ಬರದೆ. ತಪಾಸಣೆಯವರು ಬಂದಾಗೆಲ್ಲ ನನ್ನ ತೊಟ್ಟಿ ನೀರು ತೋರಿಸಿ ಕಳಸ್ತಾರ. ನಾ ಸಾಕಿದ್ದ ಅವರಿಗೆ ಸರ್ಟಿಫಿಕೇಟ್ ಆಗಿತ್ತು. ಪೊಲೀಸ್ರು ಬಂದ್ರ ಪೈಪು ಅಳೀತಾರ, ಬರೀತಾರ. ಅದಕ್ಕ ಮಾಡಿದೆ.”

“ಇಷ್ಟ ದಿನ ಸುಮ್ಮನಿದ್ದು ಈಗ್ಯಾಕ?” ಬಸವಪ್ರಭು ಕೇಳಿದ.

“ಉಡಚವ್ವನ ಗಾಯದ ರಿಪೋರ್ಟ್ ನೋಡಿದೆ. ನಾವು ತಯಾರ ಮಾಡೋ ಔಷಧಿನ ಆಕಿಗೆ ತಾಗಲಿಲ್ಲ. ದಿನಾ ಆ ಔಷಧಿ ಬೆರತ ನೀರಾಗ ಬೆಳದ ಕ್ರಿಮಿಗೆ ಅದು ನಾಟೂದಿಲ್ಲ. ಆ ಕ್ರಿಮಿ ಹಳ್ಳದಿಂದನ ಬಂತಂತ ಸಾಬೀತ ಮಾಡಾಕ ನನ್ನ ಕಡಿಂದ ಆಗೂದಿಲ್ಲರಿ. ಆದ್ರ ನಿದ್ದಿ ಬರೂದಿಲ್ಲ.” ಉಮಾಶ್ರೀ ಕಡೆ ತಿರುಗಿ ಅಂದಳು, “ಯಮನಪ್ಪಗ ಮಾತ್ರ ಹೇಳಬ್ಯಾಡ್ರಿ.”

5.30ಕ್ಕೆ ಆಸ್ತಿ ಹಾನಿ ಆರೋಪದಡಿ ಅವಳನ್ನು ಬಂಧಿಸಲಾಯಿತು. ಬಸವಪ್ರಭುವಿಗೆ ಮನಸ್ಸಿಲ್ಲದ ಬಂಧನ. ಮ್ಯಾನೇಜರನ ಮೇಲೆ ಬೇರೆ ಪ್ರಕರಣ ದಾಖಲಾಯಿತು. ಅದಕ್ಕೆ ಸಾಕ್ಷಿ ಬೇಕು.

ಬುಧವಾರ ಬೆಳಗ್ಗೆ 10.15ಕ್ಕೆ ಯಮನಪ್ಪ ಠಾಣೆಗೆ ಬಂದ.

“ಮೇಡಂನ ಬಿಡ್ರಿ, ಸಾಹೇಬ್ರ. ದವಾಖಾನಿಗೆ ಬಂದು ಮಾತಾಡ್ಸಿದವರು ಅವರೊಬ್ರ.”

ಬಸವಪ್ರಭು ಕಾಗದದ ಮೇಲೆ ಕಣ್ಣಿಟ್ಟೇ ಪ್ರಶ್ನೆ ಕೇಳಿದ. ಬೇರೆ ದಾರಿ ಇರಲಿಲ್ಲ.

“ತೊಟ್ಟಿ ಹಿಂದಿನ ವಾಲ್ವ್ ಯಾರ ತಿರುವತಿದ್ರು?”

“ನಾನರಿ.”

“ಎಷ್ಟ ದಿನಾತು?”

“ಎರಡ ವರ್ಷಾತ್ರಿ.”

“ಉಡಚವ್ವಗ ಗಾಯ ಆದದ್ದು ಎಲ್ಲಿ?”

“ಕಾರ್ಖಾನಿ ಕೆಳಗಿನ ಹಳ್ಳದಾಗರಿ. ಅರಬಿ ಒಗ್ಯಾಕ ಹೋದಾಗ ಗಾಜ ಚುಚ್ಚಿ...”

ಯಮನಪ್ಪ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ.

“ಮಳಿ ನೀರಿನ ಪೈಪ್ ಅಂತ ಹೇಳಿದ್ರರಿ,” ಎಂದ. “ಸಾಹೇಬ್ರ, ಮಳಿ ನೀರಂತ ಹೇಳಿದ್ರು.”